ಮೆದುಳಿನ ಕಲೆಗಳನ್ನು ಕಾಣುವ ಬಗೆ

ಮಾನವನ ಶರೀರದಲ್ಲಿ ಮೆದುಳಿನಷ್ಟು ಭದ್ರವಾಗಿ ಬಚ್ಚಿಟ್ಟ ಅಂಗ ಮತ್ತೊಂದಿಲ್ಲ. ನಾಲಗೆಯನ್ನು ಹೊರಚಾಚಿ ತೋರಿಸಬಹುದು. ನಾಡಿಯನ್ನು ಬೆರಳಿನಿಂದ ಮುಟ್ಟಿ ಎಣಿಸಬಹುದು. ಎದೆಗೆ ಕೊಳವೆಯನ್ನಿಟ್ಟು ಹೃದಯದ ಬಡಿತವನ್ನು ಆಲಿಸಬಹುದು. ಮೆದುಳಾದರೋ ಎಲುಬಿನ ಕರಂಡದಲ್ಲಿ, ಮೂರು ಪದರದ ಹೊದಿಕೆಯೊಳಗೆ, ನೀರಿನಂತಹ ದ್ರವದಲ್ಲಿ ತೇಲುತ್ತ ತನ್ನ ಕೆಲಸವನ್ನು ಸದ್ದಿಲ್ಲದೆ ನಡೆಸಿರುತ್ತದೆ. ಅದಕ್ಕೆ ಸ್ವತಃ ನೋವಿನ ಅರಿವೂ ಇಲ್ಲ. ಅದರೊಳಗೆ ಗಾಯವಾದರೆ ಕೈ ನಡುಗೀತು, ಕಣ್ಣು ಮಂಜಾದೀತು, ಕಾಲು ಜೋಮು ಹಿಡಿದೀತು. ಆದರೆ ಗಾಯವಾದ ಸ್ಥಳ ಮಾತ್ರ ‘ನಾನು ಇಲ್ಲಿದ್ದೇನೆ’ ಎಂದು ಹೇಳಲಾರದು. ಹೀಗಿರಲು, ತಲೆಬುರುಡೆಯನ್ನು ತೆರೆಯದೆಯೇ ಅಲ್ಲಿಯ ಗಾಯವನ್ನು ಕಾಣುವ ಬಗೆ ಹೇಗೆ? ಎರಡು ವರ್ಷಗಳ ಹಿಂದಿನವರೆಗೆ ಈ ಪ್ರಶ್ನೆ ನನಗೆ ಹೊಳೆದದ್ದೇ ಇಲ್ಲ. ನಾನು ವಿಜ್ಞಾನದ ಅಧ್ಯಾಪಕನಲ್ಲ. ಕರಾವಳಿಯ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದು, ಕನ್ನಡವನ್ನೇ ಕಲಿಸುತ್ತಿರುವವನು. ಈ ವಿಷಯವನ್ನು ನನಗೆ ಕಲಿಸಿದವಳು ನನ್ನದೇ ಹಳೆಯ ವಿದ್ಯಾರ್ಥಿನಿ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಗತಿಯನ್ನು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಶಾಲೆಯಲ್ಲಿದ್ದಾಗ ನಮ್ಮ ಭಿತ್ತಿಪತ್ರಿಕೆಯನ್ನು ಪ್ರತಿ ತಿಂಗಳೂ ಬರೆಯುತ್ತಿದ್ದವಳು ಅವಳು. ಮುತ್ತು ಪೋಣಿಸಿದಂತಹ ಅಕ್ಷರ. ಶಾಲೆ ಬಿಟ್ಟು ಕಾಲೇಜು ಸೇರಿದ ಮೇಲೂ ಶನಿವಾರ ಬಂದು ಕೆಳಗಿನ ತರಗತಿಯವರಿಗೆ ಬರೆದು ಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಅವಳ ಎಡಗಣ್ಣು ನೋಯತೊಡಗಿ, ದೃಷ್ಟಿ ಮಂಜಾಯಿತು. ಕೆಂಪು ಬಣ್ಣವು ಆ ಕಣ್ಣಿಗೆ ಇಟ್ಟಿಗೆಯ ಪುಡಿಯಂತೆ ಮಾಸಲಾಗಿ ಕಾಣುತ್ತಿತ್ತಂತೆ. ಐದಾರು ವಾರಗಳಲ್ಲಿ ತಾನಾಗಿ ಸರಿಹೋಯಿತು, ಎಲ್ಲರೂ ಮರೆತರು. ಮರುವರ್ಷ ಅವಳ ಅಕ್ಷರ ಕೆಟ್ಟಿತು. ಸಾಲು ಸೊಟ್ಟಗಾಗಿ, ಒತ್ತಕ್ಷರಗಳು ಮೂಲದಿಂದ ದೂರ ಸರಿದು ಬೀಳತೊಡಗಿದವು. ನಾನು ಎಲ್ಲ ಮಕ್ಕಳ ಎದುರಿನಲ್ಲಿ, “ಹಗಲಿರುಳೂ ಮೊಬೈಲನ್ನು ಉಜ್ಜಿದರೆ ಅಕ್ಷರ ಉಳಿದೀತೇ?” ಎಂದು ಗದರಿಸಿದೆ. ಅವಳು ಏನೂ ಹೇಳಲಿಲ್ಲ. ಮುಂದಿನ ಶನಿವಾರ ಬರಲಿಲ್ಲ. ಆ ಮಾತನ್ನು ಹಿಂದೆಗೆದುಕೊಳ್ಳುವ ಉಪಾಯವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಯಲ್ಲಿ ಅಶಕ್ತಿ ಎಂದರು. ಊರಿನ ನೆಂಟರು ನಾಗದೋಷವೆಂದು ನಿಶ್ಚಯಿಸಿದರು. ವೈದ್ಯರೊಬ್ಬರು, ಪರೀಕ್ಷೆಯ ಭಯದಿಂದ ಹುಡುಗಿಯರಿಗೆ ಹೀಗಾಗುವುದುಂಟೆಂದು ಹೇಳಿ ಶಕ್ತಿಯ ಗುಳಿಗೆ ಬರೆದುಕೊಟ್ಟರು. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ವಿದ್ಯುತ್ತು ಹರಿದಂತಾಗುತ್ತದೆ ಎಂಬ ಅವಳ ಮಾತನ್ನು ಕೊನೆಗೆ ಗಮನವಿಟ್ಟು ಕೇಳಿದವರು ಒಬ್ಬ ನರರೋಗತಜ್ಞರು. ಅವರು ಮೆದುಳು ಮತ್ತು ಮೆದುಳುಬಳ್ಳಿಯ ಎಂ.ಆರ್.ಐ. ಚಿತ್ರ ತೆಗೆಸಲು ಹೇಳಿದರು. ಅದರಲ್ಲಿ ಕಂಡ ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ‘ಅನೇಕ ಕಡೆಗಳಲ್ಲಿ ಪೆಡಸಾಗುವುದು’ ಎಂದು ಆ ಮಾತಿನ ಅರ್ಥ. ಸಂಕ್ಷೇಪವಾಗಿ ಎಂ.ಎಸ್. ಎನ್ನುತ್ತಾರೆ.

ಏನು ಪೆಡಸಾಗುವುದು? ಇದನ್ನು ತಿಳಿಯಲು ನೀವು ಬೈಕುಲ್ಲಾ ಸ್ಟೇಷನ್ನಿನವರೆಗೆ ಬಂದರೆ ಸಾಕು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟ ನಿಧಾನ ಗಾಡಿ ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಬೈಕುಲ್ಲಾ, ಚಿಂಚ್‌ಪೋಕ್ಲಿ, ಕರೀ ರೋಡ್, ಪರೇಲ್ ಎಂದು ಪ್ರತಿಯೊಂದು ನಿಲ್ದಾಣದಲ್ಲಿಯೂ ನಿಂತು ದಾದರನ್ನು ಸೇರುತ್ತದೆ. ವೇಗದ ಗಾಡಿಯಾದರೆ ಬೈಕುಲ್ಲಾದಲ್ಲಿ ಒಮ್ಮೆ ನಿಂತು ನೇರವಾಗಿ ದಾದರಿಗೆ ಹಾರುತ್ತದೆ. ನಮ್ಮ ನರತಂತುಗಳಲ್ಲಿಯೂ ಈ ಎರಡು ಬಗೆ ಉಂಟು. ಬರಿಯ ತಂತುವಿನಲ್ಲಿ ಸಂದೇಶವು ಅಂಗುಲ ಅಂಗುಲವಾಗಿ ಸಾಗಿ, ಸೆಕೆಂಡಿಗೆ ಸುಮಾರು 1 ಮೀಟರ್ ವೇಗವನ್ನು ಮಾತ್ರ ಪಡೆಯುತ್ತದೆ. ಇದು ಮನುಷ್ಯನ ನಡಿಗೆಯಷ್ಟೇ ಸರಿ. ಆದರೆ ಬಹಳಷ್ಟು ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯು ಸುತ್ತುಸುತ್ತಾಗಿ ಸುತ್ತಿಕೊಂಡಿರುತ್ತದೆ. ಹೊದಿಕೆಯ ನಡುನಡುವೆ ಸಣ್ಣ ಸಣ್ಣ ತೆರಪುಗಳುಂಟು. ಸಂದೇಶವು ಒಂದು ತೆರಪಿನಿಂದ ಮುಂದಿನ ತೆರಪಿಗೆ ನೆಗೆಯುತ್ತ ಸಾಗುವುದರಿಂದ ಅದರ ವೇಗ ಸೆಕೆಂಡಿಗೆ 100 ಮೀಟರಿನವರೆಗೂ ಏರಬಲ್ಲದು. ಮೆದುಳಿನಲ್ಲಿ ಹೊದಿಕೆಯುಳ್ಳ ತಂತುಗಳು ಒತ್ತಾಗಿರುವ ಭಾಗವು ಬೆಳ್ಳಗೆ ಕಾಣುವುದರಿಂದ ಅದನ್ನು ಬಿಳಿಯ ದ್ರವ್ಯವೆಂದು ಕರೆಯುತ್ತಾರೆ.

ಎಂ.ಎಸ್. ರೋಗದಲ್ಲಿ, ಹೊರಗಿನ ಶತ್ರುಗಳಿಂದ ದೇಹವನ್ನು ಕಾಪಾಡಬೇಕಾದ ರಕ್ತದ ಬಿಳಿಯ ಕಣಗಳೇ ಮೆದುಳಿನೊಳಕ್ಕೆ ನುಗ್ಗಿ ಈ ಹೊದಿಕೆಯನ್ನು ಶತ್ರುವೆಂದು ಬಗೆದು ಕೀಳುತ್ತವೆ. ಕಿತ್ತ ಸ್ಥಳದಲ್ಲಿ ಮೊದಲು ಉರಿಯೂತ, ಅನಂತರ ಪೆಡಸಾದ ಕಲೆ. ಜುಲೈ ತಿಂಗಳ ಮಳೆಯಲ್ಲಿ ಸಾಯನ್ ಕುರ್ಲಾಗಳ ನಡುವೆ ಹಳಿಯ ಮೇಲೆ ನೀರು ನಿಂತರೆ ಗಾಡಿಗಳು ಹೇಗೆ ತೆವಳುತ್ತವೆಯೋ, ಕೆಲವು ಹೇಗೆ ಬರುವುದೇ ಇಲ್ಲವೋ, ಹಾಗೆಯೇ ಆ ಸ್ಥಳದಲ್ಲಿ ಸಂದೇಶ ತಡವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ನೀರಿಳಿದ ಮೇಲೆ ಗಾಡಿ ಓಡುವಂತೆ, ಉರಿಯೂತ ಇಳಿದ ಮೇಲೆ ಕಣ್ಣು ಮತ್ತೆ ಕಾಣುವುದೂ ಉಂಟು. ರೋಗವು ಮರೆತುಹೋಗುವುದು ಈ ಕಾರಣದಿಂದಲೇ. ಬಿಸಿನೀರಿನ ಸ್ನಾನದಿಂದಲೂ ನಮ್ಮ ಮೇ ತಿಂಗಳ ಸೆಕೆಯಿಂದಲೂ ತೊಂದರೆ ತಾತ್ಕಾಲಿಕವಾಗಿ ಹೆಚ್ಚುವುದುಂಟು. ಇದು ಹೆಚ್ಚಾಗಿ 20ರಿಂದ 40 ವರ್ಷದೊಳಗೆ ತಲೆದೋರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂಟುರೋಗವಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಅವಳ ಪಕ್ಕದಲ್ಲಿ ಕೂರಬಹುದೇ ಎಂದು ನಿಮ್ಮಲ್ಲಿಯೇ ಒಬ್ಬರು ನನ್ನನ್ನು ಕೇಳಿದ್ದುಂಟು.

ಈ ಕಲೆಗಳನ್ನು ವೈದ್ಯರು ಕಂಡುದು ಇಂದು ನಿನ್ನೆಯಲ್ಲ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ಮಹಾವೈದ್ಯನು 1868ರಲ್ಲಿಯೇ ಈ ರೋಗದ ಲಕ್ಷಣಗಳನ್ನೂ ಮೆದುಳಿನ ಕಲೆಗಳನ್ನೂ ಒಂದಕ್ಕೊಂದು ಹೊಂದಿಸಿ ವರ್ಣಿಸಿದನು. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್ ಎಂಬುವನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಲೆಗಳು ಮನಬಂದಲ್ಲಿ ಚೆಲ್ಲಿಲ್ಲ, ಮೆದುಳಿನ ನಡುವಣ ದ್ರವದ ಕೋಣೆಗಳಿಂದ ಹೊರಡುವ ಸಣ್ಣ ರಕ್ತನಾಳಗಳ ಸುತ್ತ ಬೆರಳು ಚಾಚಿದಂತೆ ಹಬ್ಬಿವೆ ಎಂದು ತೋರಿಸಿದನು. ಆದರೆ ಇವರೆಲ್ಲರೂ ನೋಡಿದುದು ತೀರಿಹೋದವರ ಮೆದುಳನ್ನು. ಬದುಕಿರುವವರ ಮೆದುಳಿಗೆ ಕಿಟಕಿಯೇ ಇರಲಿಲ್ಲ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ಸೊಗಸಾಗಿ ತೋರಿಸಿತೇ ಹೊರತು ಅದರೊಳಗಿನ ಮೆತ್ತಗಿನ ಮೆದುಳನ್ನು ತೋರಿಸಲಿಲ್ಲ. 1919ರಲ್ಲಿ ಅಮೆರಿಕದ ಡ್ಯಾಂಡಿ ಎಂಬ ಶಸ್ತ್ರವೈದ್ಯನು ಬೆನ್ನಿನ ಮೂಲಕ ಗಾಳಿಯನ್ನು ತುಂಬಿ, ಮೆದುಳಿನ ಕೋಣೆಗಳ ಆಕಾರವನ್ನಾದರೂ ನೋಡುವ ಉಪಾಯ ಮಾಡಿದನು. ರೋಗಿಗೆ ಅದರಿಂದ ಬರುತ್ತಿದ್ದ ತಲೆನೋವು ಭೀಕರ. 1971ರ ಅಕ್ಟೋಬರ್ 1ರಂದು ಲಂಡನ್ ನಗರದಲ್ಲಿ ಹೌನ್ಸ್‌ಫೀಲ್ಡ್‌ನ ಸಿ.ಟಿ. ಯಂತ್ರದಲ್ಲಿ ಮೊಟ್ಟಮೊದಲ ರೋಗಿಯ ಮೆದುಳಿನ ಚಿತ್ರವನ್ನು ತೆಗೆದರು. ಅವನು ಕೆಲಸ ಮಾಡುತ್ತಿದ್ದ ಇ.ಎಂ.ಐ. ಸಂಸ್ಥೆಯು, ನಾಯಿಯ ಚಿತ್ರವಿದ್ದ ಆ ಗ್ರಾಮಫೋನ್ ತಟ್ಟೆಗಳ ಸಂಸ್ಥೆಯೇ! ನಿಮ್ಮ ಅಜ್ಜಂದಿರನ್ನು ಕೇಳಿರಿ. ಸಿ.ಟಿ.ಯಲ್ಲಿ ರಕ್ತಸ್ರಾವ, ಗೆಡ್ಡೆಗಳು ಚೆನ್ನಾಗಿ ಕಂಡವು, ಎಂ.ಎಸ್. ಕಲೆಗಳು ಮಾತ್ರ ಬಹುಮಟ್ಟಿಗೆ ತಲೆಮರೆಸಿಕೊಂಡೇ ಉಳಿದವು.

ಅವುಗಳನ್ನು ಬಯಲಿಗೆಳೆದುದು ಅಯಸ್ಕಾಂತ. ಎಂ.ಆರ್.ಐ. ಎಂದರೆ ಅಯಸ್ಕಾಂತದ ಅನುರಣನದಿಂದ ಪಡೆದ ಚಿತ್ರ. ಇದರಲ್ಲಿ ಕ್ಷ-ಕಿರಣದ ಮಾತೇ ಇಲ್ಲ. ಇದು ನೋಡುವುದು ನಮ್ಮ ದೇಹದ ನೀರನ್ನು.

ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಜಲಜನಕದ ಎರಡು ಪರಮಾಣುಗಳಿವೆಯೆಂಬುದನ್ನು ನೀವು ಕಲಿತಿದ್ದೀರಿ. ಆ ಪರಮಾಣುವಿನ ಬೀಜವು ತಿರುಗುವ ಬುಗುರಿಯಂತೆ. ಮಾತ್ರವಲ್ಲ, ಅದೊಂದು ಅತಿಸೂಕ್ಷ್ಮ ಅಯಸ್ಕಾಂತ. ಸಾಮಾನ್ಯವಾಗಿ ಈ ಬುಗುರಿಗಳು ಸಂತೆಯ ಜನರಂತೆ ದಿಕ್ಕಿಗೊಂದಾಗಿ ಮುಖ ಮಾಡಿರುತ್ತವೆ. ರೋಗಿಯನ್ನು ಪ್ರಬಲವಾದ ಅಯಸ್ಕಾಂತದ ಸುರಂಗದಲ್ಲಿ ಮಲಗಿಸಿದರೆ ಅವು ಕಾಂತಕ್ಷೇತ್ರದ ದಿಕ್ಕಿಗೆ ಒಲಿಯುತ್ತವೆ. ಎಲ್ಲವೂ ಒಲಿಯುತ್ತವೆಂದು ತಿಳಿಯಬೇಡಿ. ಎದುರುಬದುರಾಗಿ ನಿಂತವು ಒಂದನ್ನೊಂದು ಕಳೆದ ಮೇಲೆ, 1.5 ಟೆಸ್ಲಾ ಶಕ್ತಿಯ ಯಂತ್ರದಲ್ಲಿ ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ ಹೆಚ್ಚುವರಿಯಾಗಿ ಉಳಿಯುತ್ತವೆ. ಆ ಐದರಿಂದಲೇ ಚಿತ್ರವಾಗಬೇಕು! ಆದರೆ ಒಂದು ಹನಿ ನೀರಿನಲ್ಲಿಯೂ ಅಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಅಷ್ಟು ಸಾಕಾಗುತ್ತದೆ. 1.5 ಟೆಸ್ಲಾ ಎಂದರೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಶಕ್ತಿಯ 30,000 ಪಟ್ಟಿಗೂ ಮಿಕ್ಕಿದ್ದು. ಇಷ್ಟು ಬಲ ಬರಲು ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯಬೇಕು. ಅದಕ್ಕಾಗಿ ತಂತಿಯ ಸುರುಳಿಗಳನ್ನು ದ್ರವ ಹೀಲಿಯಮ್ಮಿನಲ್ಲಿ ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ ಇಟ್ಟಿರುತ್ತಾರೆ.

ಹೀಗೆ ಅಣಿಯಾದ ಬುಗುರಿಗಳ ಮೇಲೆ ರೇಡಿಯೋ ಅಲೆಯನ್ನು ಬಿಡುತ್ತಾರೆ. 1.5 ಟೆಸ್ಲಾ ಯಂತ್ರದಲ್ಲಿ ಆ ಅಲೆ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ ಕಂಪಿಸುತ್ತದೆ, ಎಂದರೆ 64 ಮೆಗಾಹರ್ಟ್ಸ್. ನೀವು ಕೇಳುವ ಎಫ್.ಎಂ. ಕೇಂದ್ರಗಳು 88ರಿಂದ 108ರೊಳಗೆ ಬರುವುವು; ಇದು ಅವುಗಳ ಕೆಳಮನೆಯ ನೆರೆಯವನೆನ್ನಬಹುದು. ಹೊರಗಿನ ರೇಡಿಯೋ ಅಲೆಗಳು ಒಳನುಗ್ಗಿ ಗೊಂದಲವೆಬ್ಬಿಸದಂತೆ ಆ ಕೊಠಡಿಯ ಗೋಡೆಗಳಿಗೆ ತಾಮ್ರದ ಹಾಳೆ ಹೊದಿಸುತ್ತಾರೆ. ಅಲೆ ತಗುಲಿದೊಡನೆ ಬುಗುರಿಗಳು ವಾಲುತ್ತವೆ. ಅಲೆಯನ್ನು ನಿಲ್ಲಿಸಿದೊಡನೆ ಮತ್ತೆ ನೆಟ್ಟಗಾಗುತ್ತ, ತಾವೇ ಕ್ಷೀಣವಾದ ರೇಡಿಯೋ ಅಲೆಯನ್ನು ಹೊರಡಿಸುತ್ತವೆ. ಆ ಮಾರ್ದನಿಯನ್ನು ಹಿಡಿದು, ಯಾವ ಸ್ಥಳದಿಂದ ಎಷ್ಟು ಬಂತೆಂಬುದನ್ನು ಗಣಕಯಂತ್ರವು ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ಸ್ಥಳವನ್ನು ಗುರುತಿಸಲು ಕಾಂತಶಕ್ತಿಯನ್ನು ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ ಮಾಡುವ ಯುಕ್ತಿಯಿಂದ ಚಿತ್ರ ಪಡೆಯಬಹುದೆಂದು ಅಮೆರಿಕದ ಪಾಲ್ ಲಾಟರ್ಬರ್ 1973ರಲ್ಲಿ ತೋರಿಸಿದನು. ಅವನಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್‌ನಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ಏರಿಳಿತವನ್ನು ಉಂಟುಮಾಡುವ ಸುರುಳಿಗಳು ಕಂಪಿಸುವಾಗ ರಸ್ತೆ ಒಡೆಯುವ ಯಂತ್ರದಂತೆ ಕಟಕಟ ಸದ್ದಾಗುತ್ತದೆ. ಕಿವಿಗೆ ಬಿರಡೆ ಇಟ್ಟುಕೊಂಡು ಅರ್ಧ ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಬೇಕು. ಮಜ್ಜಿಗೆ ಕಡೆಯುವ ಯಂತ್ರದೊಳಗೆ ಕೂತ ಹಾಗಾಯಿತೆಂದು ಅವಳು ನಕ್ಕು ಹೇಳಿದಳು.

ಕಲೆ ಹೇಗೆ ಬೇರೆಯಾಗಿ ಕಾಣುತ್ತದೆ? ನಮ್ಮ ಶಾಲೆಯ ಗಂಟೆಯನ್ನು ಬಾರಿಸಿ ನೋಡಿರಿ. ತೂಗುಬಿಟ್ಟ ಗಂಟೆಯ ನಾದ ಬಹಳ ಹೊತ್ತು ನಿಲ್ಲುತ್ತದೆ. ಅಂಗೈಯಿಂದ ಒತ್ತಿ ಹಿಡಿದ ಗಂಟೆಯದು ತಕ್ಷಣ ಅಡಗುತ್ತದೆ. ಆರೋಗ್ಯವಾದ ಬಿಳಿಯ ದ್ರವ್ಯದಲ್ಲಿ ನೀರು ಕೊಬ್ಬಿನ ಪದರಗಳ ಬಿಗಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಅದರ ಮಾರ್ದನಿ ಬೇಗ ಸತ್ತುಹೋಗುತ್ತದೆ. ಹೊದಿಕೆ ಕಿತ್ತುಹೋದ ಕಲೆಯಲ್ಲಿ ನೀರು ಹೆಚ್ಚು, ಅದರ ಚಲನೆಯೂ ಸ್ವತಂತ್ರ. ಮಾರ್ದನಿ ಹೆಚ್ಚು ಹೊತ್ತು ನಿಲ್ಲುತ್ತದೆ. ತುಸು ತಡೆದು ಆಲಿಸಿದರೆ ಸುತ್ತಲಿನದೆಲ್ಲ ಮಂದವಾಗಿರುವಾಗ ಕಲೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಟಿ-2 ಚಿತ್ರವೆಂದರೆ ಇದೇ. ಇದರಲ್ಲಿ ಒಂದು ತೊಡಕುಂಟು. ಮೆದುಳಿನ ಕೋಣೆಗಳಲ್ಲಿರುವ ದ್ರವವು ನೀರೇ ಆದುದರಿಂದ ಅದೂ ಬೆಳ್ಳಗೆ ಹೊಳೆಯುತ್ತದೆ, ಎಂ.ಎಸ್. ಕಲೆಗಳೋ ಆ ಕೋಣೆಗಳ ಅಂಚಿನಲ್ಲಿಯೇ ಹೆಚ್ಚು. ಬಿಳಿಯ ಗೋಡೆಗೆ ಒರಗಿದ ಬಿಳಿಯ ಬೆಕ್ಕನ್ನು ಗುರುತಿಸುವುದು ಹೇಗೆ? ಇದಕ್ಕೆ ಪರಿಹಾರವಾಗಿ ಫ್ಲೇರ್ ಎಂಬ ವಿಧಾನವು 1990ರ ದಶಕದ ಆದಿಯಲ್ಲಿ ಬಂದಿತು. ಅದರಲ್ಲಿ ಸ್ವತಂತ್ರವಾದ ದ್ರವದ ಮಾರ್ದನಿಯನ್ನು ಸಮಯಸಾಧಿಸಿ ಅಡಗಿಸುತ್ತಾರೆ. ದ್ರವ ಕಪ್ಪಾಗುತ್ತದೆ, ಕಲೆ ಬಿಳಿಯಾಗಿಯೇ ಉಳಿಯುತ್ತದೆ. 3 ಮಿಲಿಮೀಟರ್, ಎಂದರೆ ಸುಮಾರು ಒಂದು ಕೊತ್ತಂಬರಿ ಕಾಳಿನಷ್ಟು ಕಲೆಯನ್ನು ಕೂಡ ಹೀಗೆ ಲೆಕ್ಕಕ್ಕೆ ಹಿಡಿಯಬಹುದು.

ಈ ಯಂತ್ರದ ಮಹಿಮೆ ಮೊದಲು ಬಯಲಾದುದು 1981ರಲ್ಲಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಯಾನ್ ಯಂಗ್ ಮತ್ತು ಅವನ ಸಹೋದ್ಯೋಗಿಗಳು ಎಂ.ಎಸ್. ಇದ್ದ 10 ಮಂದಿಯನ್ನು ಎರಡು ಯಂತ್ರಗಳಲ್ಲಿಯೂ ಪರೀಕ್ಷಿಸಿದರು. ಸಿ.ಟಿ.ಯಲ್ಲಿ ಕಂಡ ಕಲೆಗಳು ಒಟ್ಟು 19. ಹೊಸ ಯಂತ್ರವು ಅವುಗಳಲ್ಲದೆ ಇನ್ನೂ 112 ಕಲೆಗಳನ್ನು ತೋರಿಸಿತು. ಆ ದಿನಗಳ ಎಂ.ಆರ್.ಐ. ಚಿತ್ರ ಈಗಿನದಕ್ಕೆ ಹೋಲಿಸಿದರೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ. ಆದರೂ ಆ 112 ಕಲೆಗಳು ಅದುವರೆಗೆ ಆ ಮನುಷ್ಯರ ತಲೆಗಳಲ್ಲಿ ಯಾರಿಗೂ ಕಾಣದೆ ಕುಳಿತಿದ್ದವಷ್ಟೆ! ಮುಂದೆ ಮತ್ತೆ ಮತ್ತೆ ಚಿತ್ರ ತೆಗೆದು ನೋಡಿದಾಗ, ಹೊರಗೆ ಒಮ್ಮೆ ತೊಂದರೆ ಕಾಣಿಸಿಕೊಳ್ಳುವಷ್ಟರಲ್ಲಿ ಒಳಗೆ ಐದರಿಂದ ಹತ್ತು ಹೊಸ ಕಲೆಗಳು ಸದ್ದಿಲ್ಲದೆ ಬಂದಿರುತ್ತವೆ ಎಂಬುದೂ ತಿಳಿಯಿತು. ಅಂದರೆ ರೋಗಿ ‘ಈಗ ಸುಖವಾಗಿದ್ದೇನೆ’ ಎನ್ನುವ ಕಾಲದಲ್ಲಿಯೂ ಕಾದಾಟ ನಿಂತಿರುವುದಿಲ್ಲ.

ಹಾಗಾದರೆ ಬಿಳಿಯ ಕಲೆ ಕಂಡೊಡನೆ ಎಂ.ಎಸ್. ಎಂದು ತೀರ್ಮಾನಿಸಬಹುದೇ? ಕೂಡದು. ವಯಸ್ಸಾದವರ ಮೆದುಳಿನಲ್ಲಿ, ರಕ್ತದ ಒತ್ತಡವಿರುವವರಲ್ಲಿ, ಅರೆತಲೆನೋವಿನವರಲ್ಲಿಯೂ ಬಿಳಿಯ ಚುಕ್ಕೆಗಳು ಕಾಣುವುದುಂಟು. ನಮ್ಮ ದೇಶದಲ್ಲಿ ಕ್ಷಯದ ಗಂಟುಗಳೂ ಲಾಡಿಹುಳುವಿನ ಮರಿಗಳೂ ಮೆದುಳಿನಲ್ಲಿ ಮನೆಮಾಡುವುದು ಅಪರೂಪವಲ್ಲ. ಆದುದರಿಂದ ತಜ್ಞರು ಎರಡು ಪ್ರಶ್ನೆ ಕೇಳುತ್ತಾರೆ: ಕಲೆಗಳು ಬೇರೆಬೇರೆ ಸ್ಥಳಗಳಲ್ಲಿವೆಯೇ? ಬೇರೆಬೇರೆ ಕಾಲಗಳಲ್ಲಿ ಹುಟ್ಟಿದವೇ? ಇಯಾನ್ ಮ್ಯಾಕ್‌ಡೊನಾಲ್ಡ್ ಎಂಬ ನರವಿಜ್ಞಾನಿಯ ನೇತೃತ್ವದ ಮಂಡಲಿಯು 2001ರಲ್ಲಿ ಇದಕ್ಕೆ ನಿಯಮಗಳನ್ನು ರಚಿಸಿತು. ಮೆದುಳಿನ ಕೋಣೆಗಳ ಬದಿ, ಹೊರಪದರದ ಹತ್ತಿರ, ಕೆಳಮೆದುಳು, ಮೆದುಳುಬಳ್ಳಿ ಇವು ಮುಖ್ಯವಾದ ಸ್ಥಳಗಳು. 2024ರ ಪರಿಷ್ಕರಣೆಯಲ್ಲಿ ಕಣ್ಣಿನ ನರವೂ ಸೇರಿತು. ಕೆಲವು ಸಂದರ್ಭಗಳಲ್ಲಿ ಕಾಲದ ಸಾಕ್ಷ್ಯಕ್ಕಾಗಿ ಕಾಯದೆಯೂ ನಿರ್ಣಯಿಸಲು ಅದು ಅವಕಾಶ ಕೊಟ್ಟಿದೆ.

ಕಾಲವನ್ನು ಚಿತ್ರದಲ್ಲಿ ಓದುವುದು ಹೇಗೆಂಬುದು ನನಗೆ ಬಹಳ ಸ್ವಾರಸ್ಯವಾಗಿ ತೋರಿತು. ರಕ್ತದಲ್ಲಿರುವ ಸಿಕ್ಕಿದ್ದೆಲ್ಲ ಮೆದುಳಿಗೆ ಇಳಿಯದಂತೆ ರಕ್ತನಾಳಗಳ ಗೋಡೆಯೇ ಕಾವಲು ಕಾಯುತ್ತದೆ. ಹೊಸ ಕಲೆಯಲ್ಲಿ ಆ ಕಾವಲು ಮುರಿದಿರುತ್ತದೆ. ಗ್ಯಾಡೋಲಿನಿಯಮ್ ಎಂಬ ಲೋಹದ ಸಂಯುಕ್ತವನ್ನು ಕೈಯ ರಕ್ತನಾಳಕ್ಕೆ ಚುಚ್ಚಿ ಚಿತ್ರ ತೆಗೆದರೆ, ಅದು ಮುರಿದ ಗೋಡೆಯಿಂದ ಒಳಕ್ಕೆ ಸೋರಿ ಹೊಸ ಕಲೆಯನ್ನು ಬೆಳಗಿಸುತ್ತದೆ. ಕೆಲವು ವಾರಗಳಲ್ಲಿ ಗೋಡೆ ಮತ್ತೆ ಕೂಡಿಕೊಳ್ಳುವುದರಿಂದ ಹಳೆಯ ಕಲೆ ಬೆಳಗುವುದಿಲ್ಲ. ಒಂದೇ ಚಿತ್ರದಲ್ಲಿ ಬೆಳಗಿದವೂ ಬೆಳಗದವೂ ಇದ್ದರೆ, ಒಂದೇ ಶಾಲೆಯಲ್ಲಿ ಅಣ್ಣನೂ ತಮ್ಮನೂ ಇದ್ದಂತೆ. ಒಂದೇ ದಿನ ಹುಟ್ಟಿದವರಲ್ಲವೆಂಬುದು ನಿಶ್ಚಯ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಮದ್ದನ್ನು ಕೊಡುವ ಮುನ್ನ ವಿಚಾರ ಮಾಡುತ್ತಾರೆ.

ಈ ರೋಗ ಶೀತದೇಶಗಳ ಬಿಳಿಯರದು, ನಮ್ಮಲ್ಲಿಲ್ಲ ಎಂಬ ಭಾವನೆ ಬಹುಕಾಲ ಬಲವಾಗಿತ್ತು. ಆಸ್ಪತ್ರೆಗೆ ಬಂದವರನ್ನು ಎಣಿಸಿ, ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗೆ ಇದ್ದರೆ ಹೆಚ್ಚೆಂದು ತಿಳಿದಿದ್ದರು. ನಮ್ಮ ಬೈಕುಲ್ಲಾದ ಜೆ.ಜೆ. ಆಸ್ಪತ್ರೆಯಲ್ಲಿ 1957ರಲ್ಲಿ ನರರೋಗ ವಿಭಾಗವನ್ನು ಕಟ್ಟಿದ ಡಾ. ನೊಶಿರ್ ವಾಡಿಯಾ ಅವರು ಮುಂದೆ ಡಾ. ಭಾಟಿಯಾ ಅವರೊಡಗೂಡಿ ನಡೆಸಿದ ಅಧ್ಯಯನವು 1990ರಲ್ಲಿ ಪ್ರಕಟವಾಯಿತು. ಪಾರ್ಸಿಗಳಲ್ಲಿ ಈ ರೋಗ ವಿರಳವಲ್ಲವೆಂದು ಅದು ತೋರಿಸಿತು. ರುಸ್ತುಂ ಬಾಗ್, ಜೇರ್ ಬಾಗ್‌ಗಳ ಮುಂದೆ ದಿನವೂ ಹಾದು ಶಾಲೆಗೆ ಬರುವ ನಿಮಗೆ ಆ ಸಮಾಜದ ಪರಿಚಯ ಉಂಟು. ಆದರೆ ಉಳಿದವರ ಮಾತೇನು? ಇದಕ್ಕೆ ಉತ್ತರ ಬಂದುದು ನಮ್ಮಲ್ಲಿ ಅನೇಕರ ತವರಾದ ಮಂಗಳೂರಿನಿಂದ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಸಂಸ್ಥೆಯ ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿಯು ಮಂಗಳೂರು ನಗರದಲ್ಲಿ ಗಣತಿ ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಎಂ.ಎಸ್. ಇರುವವರು ಲಕ್ಷಕ್ಕೆ 8ಕ್ಕಿಂತ ಮಿಗಿಲು. ಐರೋಪ್ಯ ದೇಶಗಳ ನೂರಾರಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಹಿಂದೆ ನಂಬಿದುದಕ್ಕಿಂತ ಎಷ್ಟೋ ಹೆಚ್ಚು. ರೋಗವೇ ಬೆಳೆಯಿತೋ, ಕಾಣುವ ಕಣ್ಣು ಬೆಳೆಯಿತೋ? ಎರಡನೆಯದರ ಪಾಲು ಸಣ್ಣದಲ್ಲವೆಂದು ನನಗೆ ತೋರುತ್ತದೆ. ಯಂತ್ರವಿಲ್ಲದ ಊರಿನಲ್ಲಿ ಈ ರೋಗವು ನಾಗದೋಷವೆಂದೋ ಸೋಗೆಂದೋ ಹೆಸರು ಪಡೆದು ಮೂಲೆಯಲ್ಲಿ ಮಲಗಿರುತ್ತದೆ.

ಮಂಗಳೂರಿನ ಅದೇ ಗಣತಿಯಲ್ಲಿ ಮತ್ತೊಂದು ರೋಗದವರೂ ಸಿಕ್ಕಿದರು, ಲಕ್ಷಕ್ಕೆ ಎರಡು ಮೂರರಂತೆ. ಅದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಕಣ್ಣಿನ ನರಕ್ಕೂ ಮೆದುಳುಬಳ್ಳಿಗೂ ಎರಗುವ, ಎಂ.ಎಸ್.ನ ಸೋದರನಂತೆ ತೋರುವ ಬೇರೆಯದೇ ರೋಗ. ಅದನ್ನು ಖಚಿತವಾಗಿ ಗುರುತಿಸುವ ರಕ್ತಪರೀಕ್ಷೆಗೆ ದಾರಿಯಾದುದು 2004ರಲ್ಲಿ. ಇವೆರಡನ್ನು ಬೇರ್ಪಡಿಸುವುದು ಕೇವಲ ಹೆಸರಿನ ತಕರಾರಲ್ಲ, ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಮುಂತಾದ ಕೆಲವು ಔಷಧಗಳು ಇದನ್ನು ಕೆರಳಿಸಬಲ್ಲವು. ಚಿತ್ರವು ಇಲ್ಲಿ ಬಹಳ ನೆರವಾಗುತ್ತದೆ. ಎಂ.ಎಸ್.ನಲ್ಲಿ ಮೆದುಳುಬಳ್ಳಿಯ ಕಲೆ ಚಿಕ್ಕದು, ಒಂದು ಬದಿಯದು. ಇದರಲ್ಲಿ ಬೆನ್ನುಮೂಳೆಯ ಮೂರು ಮಣಿಗಳಿಗೂ ಮಿಕ್ಕು ಉದ್ದವಾಗಿ, ನಟ್ಟನಡುವೆ ಚಾಚಿರುವುದೇ ಹೆಚ್ಚು. ಆದರೂ ರಕ್ತಪರೀಕ್ಷೆ, ಬೆನ್ನಿನ ದ್ರವದ ಪರೀಕ್ಷೆ, ರೋಗಿಯ ಹಿಂದಿನ ಕಥೆ, ಇವೆಲ್ಲ ಜೊತೆಗೂಡಿದ ಮೇಲೆಯೇ ತೀರ್ಮಾನ. ನನ್ನ ಶಿಷ್ಯೆಯ ವಿಷಯದಲ್ಲಿ, ಮರೆತುಬಿಟ್ಟಿದ್ದ ಆ ಕಣ್ಣುನೋವನ್ನು ತಜ್ಞರು ಕೆದಕಿ ಕೆದಕಿ ಕೇಳಿದರಂತೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಿಯೇ ಮುಂದುವರಿಯಬೇಕು. ಈ ಯಂತ್ರದ ಅಯಸ್ಕಾಂತವು ಪರೀಕ್ಷೆ ನಡೆಯದಿರುವಾಗಲೂ, ರಾತ್ರಿಯಲ್ಲಿಯೂ ಜಾಗೃತವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ನಮ್ಮ ನಗರದ ಒಂದು ಆಸ್ಪತ್ರೆಯಲ್ಲಿ, ಬಂಧುವಿನ ಪರೀಕ್ಷೆಗೆಂದು ಜೊತೆಗೆ ಬಂದಿದ್ದ ಯುವಕನೊಬ್ಬನು ಆಮ್ಲಜನಕದ ಉಕ್ಕಿನ ಸಿಲಿಂಡರನ್ನು ಹಿಡಿದು ಆ ಕೊಠಡಿಯನ್ನು ಹೊಕ್ಕನು. ಅಯಸ್ಕಾಂತವು ಸಿಲಿಂಡರಿನೊಡನೆ ಅವನನ್ನೂ ಸೆಳೆದುಕೊಂಡಿತು, ಅವನು ಬದುಕಲಿಲ್ಲ. ಮನೆಯವರೊಡನೆ ಎಂದಾದರೂ ಅಂತಹ ಕೊಠಡಿಯ ಬಾಗಿಲಿನವರೆಗೆ ಹೋದರೆ ಕೀಲಿಕೈ, ಗಡಿಯಾರ, ಪಿನ್ನು, ಯಾವುದನ್ನೂ ಒಳಗೆ ಒಯ್ಯಬೇಡಿ. ದೇಹದೊಳಗೆ ಲೋಹದ ತುಂಡೋ ಹೃದಯದ ಯಂತ್ರವೋ ಇರುವವರು ಮೊದಲೇ ತಿಳಿಸಬೇಕು.

ರೋಗ ನಿರ್ಣಯವಾದ ಎರಡು ವಾರದ ಮೇಲೆ ನಾನು ಅವಳ ಮನೆಗೆ ಹೋದೆ. ಚಾಳಿನ ಮೂರನೆಯ ಮಾಳಿಗೆ. ಅವಳ ತಾಯಿ ಚಹ ಕೊಟ್ಟರು. ಕ್ಷಮೆ ಕೇಳಬೇಕೆಂದು ಹೋದ ನನಗೆ ಮಾತು ಹೊರಡಲಿಲ್ಲ. ಅವಳೇ ಕಪಾಟಿನಿಂದ ದೊಡ್ಡ ಲಕೋಟೆಯನ್ನು ತೆಗೆದು, ಕರಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೆನ್ಸಿಲಿನ ತುದಿಯಿಂದ ಒಂದೊಂದನ್ನೇ ತೋರಿಸಿದಳು. ಕೋಣೆಗಳ ಬದಿಯಲ್ಲಿ ಬೆರಳು ಚಾಚಿದಂತಹ ಬಿಳಿಯ ಗುರುತುಗಳು. ಡಾಸನ್ ನೂರು ವರ್ಷಗಳ ಹಿಂದೆ ಕಂಡವು. ಮೆದುಳಿನಲ್ಲಿ ಹನ್ನೊಂದು, ಕತ್ತಿನಲ್ಲಿ ಒಂದು. ಅವುಗಳಲ್ಲಿ ಎರಡು ಮದ್ದಿನಿಂದ ಬೆಳಗಿದ್ದವು.

“ಮಾಸ್ಟ್ರೇ, ಇದರಲ್ಲಿ ನನ್ನ ಅಕ್ಷರ ಹಾಳು ಮಾಡಿದ್ದು ಯಾವುದು ಹೇಳಿ ನೋಡುವ,” ಎಂದಳು.

ನಾನು ಏನು ಹೇಳಲಿ? ತಜ್ಞರನ್ನು ಕೇಳಿದಾಗ ಅವರು ಕತ್ತಿನದನ್ನೂ ಕಿರುಮೆದುಳಿನ ಹತ್ತಿರದ ಒಂದನ್ನೂ ತೋರಿಸಿ, ಇವುಗಳಲ್ಲಿ ಯಾವುದಾದರೂ ಇರಬಹುದು, ಪ್ರತಿಯೊಂದು ಕಲೆಗೂ ಒಂದೊಂದು ತೊಂದರೆಯನ್ನು ಗಂಟುಹಾಕಲು ಬರುವುದಿಲ್ಲ ಎಂದಿದ್ದರಂತೆ. ಎಷ್ಟೋ ಕಲೆಗಳು ಏನನ್ನೂ ಕೆಡಿಸದೆ ಇರುತ್ತವೆ. ಒಂದು ಸಣ್ಣ ಕಲೆ, ಇಕ್ಕಟ್ಟಾದ ಜಾಗದಲ್ಲಿ ಬಿದ್ದರೆ, ನಡಿಗೆಯನ್ನೇ ನಿಲ್ಲಿಸೀತು. ಅವಳ ತಾಯಿಯ ಮುಖದಲ್ಲಿ ಮಾತ್ರ ಒಂದು ತೆರನಾದ ನೆಮ್ಮದಿ ಕಂಡಿತು. ರೋಗದ ಹೆಸರು ಕೇಳಿ ನೆಮ್ಮದಿಯೇ ಎಂದು ನೀವು ಬೆರಗಾಗಬಹುದು. ಮಗಳು ಸೋಗು ಹಾಕಲಿಲ್ಲವೆಂಬುದು ಬಿಳಿಯ ಅಕ್ಷರದಲ್ಲಿ ಬರೆದು ಬಂದಿತ್ತಲ್ಲ.

ಈ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಆದರೆ 1993ರಲ್ಲಿ ಮೊದಲ ಇಂಟರ್‌ಫೆರಾನ್ ಬಂದ ಮೇಲೆ ಕಾದಾಟವನ್ನು ತಗ್ಗಿಸುವ ಔಷಧಗಳು ಹತ್ತಾರು ಬಂದಿವೆ. ಬೇಗನೆ ತೊಡಗಿದಷ್ಟೂ ಅವುಗಳಿಂದ ಹೆಚ್ಚು ಉಪಯೋಗ. ಬೆಲೆ ದುಬಾರಿ. 1985ರಲ್ಲಿ ಇದೇ ಮುಂಬಯಿಯಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ರೋಗಿಗಳಿಗೂ ಮನೆಯವರಿಗೂ ನೆರವಾಗುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ಈ ರೋಗದ ಹೆಸರು ಸೇರಿದೆ. ಅದನ್ನು ಪರೀಕ್ಷೆಯ ಅರ್ಜಿಗೆ ಲಗತ್ತಿಸಿ ಅವಳು ಬರೆಯಲು ಹೆಚ್ಚಿನ ವೇಳೆಯನ್ನು ಪಡೆದಳು. ಅರ್ಜಿಯ ಕನ್ನಡ ಕರಡನ್ನು ನಾನು ತಿದ್ದಿದೆ, ಅಕ್ಷರವನ್ನಲ್ಲ.

ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡುವುದೂ ಚಿತ್ರದಿಂದಲೇ. ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು, ಹೊಸ ಕಲೆ ಬಂದಿದೆಯೇ, ಇದ್ದುದು ಬೆಳೆದಿದೆಯೇ ಎಂದು ತಜ್ಞರು ಒಂದೊಂದು ಪದರವನ್ನೂ ಹೋಲಿಸುತ್ತಾರೆ. ಇದಕ್ಕಾಗಿ ತಲೆಯನ್ನು ಪ್ರತಿ ಸಲವೂ ಒಂದೇ ಕೋನದಲ್ಲಿಟ್ಟು, ಸಾಧ್ಯವಾದರೆ ಅದೇ ಯಂತ್ರದಲ್ಲಿ ಚಿತ್ರ ತೆಗೆಯಬೇಕು. ಕಳೆದ ವರ್ಷದ ಅವಳ ಚಿತ್ರದಲ್ಲಿ ಬೆಳಗಿದ ಕಲೆ ಒಂದೂ ಇರಲಿಲ್ಲ. ಎಣಿಕೆ ಹನ್ನೆರಡರಲ್ಲಿಯೇ ನಿಂತಿತ್ತು. ಮುಂದಿನ ಪರೀಕ್ಷೆ ಮಾರ್ಚ್ ತಿಂಗಳಲ್ಲಿ. ಹಿಂದಿನ ಚಿತ್ರಗಳನ್ನು ತಪ್ಪದೆ ತರಬೇಕೆಂದು ಚೀಟಿಯಲ್ಲಿ ಬರೆದಿದೆ. ಮಳೆಗಾಲದಲ್ಲಿ ಚಾಳಿನ ಸೂರು ಸೋರುವುದರಿಂದ ಅವಳ ತಾಯಿ ಅವುಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆಯಲ್ಲಿ, ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ.